ಕೊನೆಯ ತೂಬಿನ ಓದುಗ

ಮೈಸೂರಿನಿಂದ ಬನ್ನೂರಿನ ಮೇಲೆ ಮಳವಳ್ಳಿಗೆ ಹೋಗತಕ್ಕ ಹಾದಿಯಲ್ಲಿ, ಕಬ್ಬಿನ ಗದ್ದೆಗಳೂ ಭತ್ತದ ಗದ್ದೆಗಳೂ ಒಂದನ್ನೊಂದು ಒತ್ತಿಕೊಂಡು ಬರುವ ಬಯಲಿನ ನಡುವೆ, ಕಿರುಗಾವಲು ಎಂಬ ಹೋಬಳಿಯ ಊರು ಸಿಕ್ಕುತ್ತದೆ. ಅಲ್ಲಿ ‘ಬಡಾ ಬಾಗ್’ ಎಂದು ಕರೆಯಿಸಿಕೊಳ್ಳುವ ಹಳೆಯ ಮಾವಿನ ತೋಪೊಂದುಂಟು. ಟಿಪ್ಪುವಿನ ಕಾಲದಿಂದ ಬಂದುದೆಂದು ಪ್ರತೀತಿಯಿರುವ ಆ ತೋಪಿನಲ್ಲಿ ನೂರಕ್ಕೂ ಮಿಕ್ಕ ಜಾತಿಯ ಮಾವಿನ ಮರಗಳಿವೆ. ಅದನ್ನು ನೋಡಿಕೊಳ್ಳುವ ರೈತರಾದ ಸೈಯದ್ ಘನಿ ಖಾನ್ ಅವರು ಮಾವಿನಿಂದ ಆರಂಭಿಸಿ ಭತ್ತಕ್ಕೆ ಕೈ ಹಾಕಿ, ನಾಡಿನ ನಾನಾ ಕಡೆಗಳಿಂದ ಸಂಗ್ರಹಿಸಿದ ನೂರಾರು ದೇಶೀ ತಳಿಗಳನ್ನು ಸಣ್ಣ ಸಣ್ಣ ಮಡಿಗಳಲ್ಲಿ ಬೆಳೆದು ಉಳಿಸುತ್ತಿರುವುದು ಪತ್ರಿಕೆಗಳನ್ನು ಓದುವವರಿಗೆಲ್ಲ ತಿಳಿದ ಸಂಗತಿ. ಗ್ರಂಥಾಲಯಗಳನ್ನು ಕುರಿತು ಬರೆಯಹೊರಟವನು ಗದ್ದೆಯ ಬದುವಿನ ಮೇಲೆ ಏಕೆ ನಿಂತನೆಂದು ವಾಚಕರು ಕೇಳಬಹುದು. ಬಿತ್ತನೆಯ ಭತ್ತವನ್ನು ಸೀಸೆಯಲ್ಲಿಟ್ಟು ಚೀಟಿ ಅಂಟಿಸಿದ ಮಾತ್ರಕ್ಕೆ ಅದು ಉಳಿಯುವುದಿಲ್ಲ, ಮಣ್ಣಿಗೆ ಬಿದ್ದು ಮತ್ತೆ ಕಾಳಾಗಿ ಬಂದರೇ ಉಳಿಯುವುದು. ಈ ಕೆಲಸಕ್ಕೆ ಯಾವ ಕಾಳು ಯಾವ ತಳಿ, ಯಾವುದನ್ನು ಯಾವ ಮಡಿಯಲ್ಲಿ ಹಾಕಬೇಕು, ಯಾರು ಕೇಳಿಬಂದರೆ ಯಾವುದನ್ನು ಕೊಡಬೇಕು ಎಂಬುದನ್ನೆಲ್ಲ ತಲೆಯಲ್ಲಿಟ್ಟುಕೊಂಡ ಮನುಷ್ಯನೊಬ್ಬನು ಬೇಕು. ವಿದ್ಯಾಸಂಸ್ಥೆಗಳ ಗ್ರಂಥಾಲಯಗಳ ವಿಷಯದಲ್ಲಿ ನಮ್ಮ ದೇಶದಲ್ಲಿ ಈ ಐವತ್ತು ಅರವತ್ತು ವರ್ಷ ನಡೆದ ಪ್ರಯತ್ನಗಳನ್ನು ಒಟ್ಟಾಗಿ ಇಟ್ಟು ನೋಡಿದರೆ, ಸೀಸೆಗಳಿಗಾಗಿ ನಾವು ಪಟ್ಟ ಶ್ರಮಕ್ಕೂ ಆ ಮನುಷ್ಯನಿಗಾಗಿ ಪಟ್ಟ ಶ್ರಮಕ್ಕೂ ಇರುವ ಅಂತರವು ಎದ್ದು ಕಾಣುತ್ತದೆ.

ವಿಷಯವನ್ನು ಹಿಡಿದು ನಡೆಯಲು ಒಬ್ಬ ಓದುಗಳನ್ನು ಕಲ್ಪಿಸಿಕೊಳ್ಳೋಣ. ಕಿರುಗಾವಲಿನ ಆಸುಪಾಸಿನ ಹಳ್ಳಿಯವಳು; ಮಳವಳ್ಳಿಯಲ್ಲಿ ಪದವಿಗೆ ಓದುತ್ತ, ಮುಂದೆ ಚರಿತ್ರೆಯಲ್ಲಿ ಸಂಶೋಧನೆ ಮಾಡಬೇಕೆಂಬ ಹಂಬಲವುಳ್ಳವಳು. 1799ರ ಮಾರ್ಚ್ ತಿಂಗಳಲ್ಲಿ, ಶ್ರೀರಂಗಪಟ್ಟಣವು ಬೀಳುವುದಕ್ಕೆ ಕೆಲವೇ ವಾರಗಳ ಹಿಂದೆ, ಟಿಪ್ಪುವಿನ ಸೈನ್ಯವೂ ಇಂಗ್ಲಿಷರ ಸೈನ್ಯವೂ ಮಳವಳ್ಳಿಯ ಬಳಿ ಸಂಧಿಸಿ ಕಾದಾಡಿದುವು. ಆ ಕಾಳಗದ ವಿಷಯವಾಗಿ ಬರೆಯಬೇಕೆಂಬುದು ಅವಳ ಇಷ್ಟವೆನ್ನೋಣ. ತನ್ನ ಊರಿನ ನೆಲದ ಮೇಲೆಯೇ ನಡೆದ ಕಥೆಗೆ ಬೇಕಾದ ಕಾಗದಪತ್ರಗಳು ಅವಳಿಗೆ ಎಲ್ಲಿ ದೊರೆಯುತ್ತವೆ? ಶ್ರೀರಂಗಪಟ್ಟಣದ ಅರಮನೆಯಲ್ಲಿ ಸುಮಾರು 2,000 ಹಸ್ತಪ್ರತಿಗಳ ಗ್ರಂಥಭಂಡಾರವಿದ್ದಿತು. ಕೋಟೆ ಬಿದ್ದ ಬಳಿಕ ಅದು ಹಂಚಿಹೋಗಿ, ಒಂದು ಭಾಗ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೂ ಏಷ್ಯಾಟಿಕ್ ಸೊಸೈಟಿಗೂ, ಒಂದು ಭಾಗ ಸಮುದ್ರ ದಾಟಿ ಕಂಪೆನಿಯ ಲಂಡನ್ ಗ್ರಂಥಾಲಯಕ್ಕೂ ಸೇರಿತು. ಚಾರ್ಲ್ಸ್ ಸ್ಟೀವರ್ಟ್ ಎಂಬಾತನು ಅದರ ವಿವರಣಾತ್ಮಕ ಸೂಚಿಯೊಂದನ್ನು 1809ರಲ್ಲಿ ಅಚ್ಚು ಮಾಡಿಸಿದನು. ಗ್ರಂಥಗಳನ್ನು ಕಳೆದುಕೊಂಡ ನಾಡಿಗೆ ಏನೇನು ಕಳೆದುಹೋಯಿತೆಂಬ ಪಟ್ಟಿಯಾದರೂ ಉಳಿದುದು ಆ ಸೂಚಿಯ ಉಪಕಾರ. ಸಂಪನ್ಮೂಲಗಳು ಊರಿಂದೂರಿಗೆ ಹೋಗುವುದಕ್ಕೆ ಕೊಳ್ಳೆಯೂ ಒಂದು ದಾರಿಯಾಗಿದ್ದ ಕಾಲವದು.

ಅದಕ್ಕಿಂತ ಹಿಂದೆ ನಮ್ಮವರಿಗೆ ತಿಳಿದಿದ್ದ ದಾರಿ ಬೇರೆ. ಪುಸ್ತಕವನ್ನು ಹಂಚಿಕೊಳ್ಳುವುದೆಂದರೆ ಪ್ರತಿ ಮಾಡಿಸುವುದು ಎಂದೇ ಆಗ ಅರ್ಥ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದಳೆಂಬ ಸಂಗತಿಯನ್ನು ಶಾಲೆಯ ಮಕ್ಕಳೂ ಬಲ್ಲರು. ಓಲೆಯ ಮೇಲೆ ಕಂಟದಿಂದ ಒಂದೊಂದಕ್ಷರವನ್ನು ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಲಿಪಿಕಾರರ ಎಷ್ಟು ವರ್ಷಗಳ ಬೆನ್ನುನೋವು ಎಂಬುದನ್ನು ಯೋಚಿಸುವವರು ಕಡಮೆ. ಇನ್ನೂ ಸ್ವಾರಸ್ಯವಾದುದು ಕಲಬುರಗಿ ಸೀಮೆಯ ನಾಗಾವಿಯ ಶಾಸನ. 1058ರ ಆ ಶಾಸನವು ಅಲ್ಲಿದ್ದ ಘಟಿಕಾಸ್ಥಾನವನ್ನು ವರ್ಣಿಸುತ್ತ, ವೇದಾಧ್ಯಾಯಿಗಳು ಇಷ್ಟು ಮಂದಿ, ಶಾಸ್ತ್ರಾಧ್ಯಾಯಿಗಳು ಇಷ್ಟು ಮಂದಿ ಎಂದು ಎಣಿಸಿ, ಅವರೊಂದಿಗೆ ಆರು ಮಂದಿ ಸರಸ್ವತೀ ಭಂಡಾರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದು ವಿದ್ಯಾಪೀಠಕ್ಕೆ ಆರು ಮಂದಿ ಗ್ರಂಥಪಾಲಕರು, ಅದೂ ಅಧ್ಯಾಪಕರ ಹೆಸರಿರುವ ಕಲ್ಲಿನ ಮೇಲೆಯೇ! ಇಂದು ಸಾವಿರಾರು ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ಒಬ್ಬನೇ ಗ್ರಂಥಪಾಲಕನಿದ್ದು, ಪರೀಕ್ಷೆಯ ಕಾಲಕ್ಕೆ ಅವನನ್ನೂ ಮೇಲ್ವಿಚಾರಣೆಗೆ ಕರೆದೊಯ್ದು ಗ್ರಂಥಾಲಯಕ್ಕೆ ಬೀಗ ಹಾಕುವುದನ್ನು ಕಂಡವರಿಗೆ ಈ ಶಾಸನವನ್ನು ಓದುವಾಗ ಒಂದು ಬಗೆಯ ನಗು ಬಾರದೆ ಇರದು.

ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯದ ಕಥೆಯು ಈ ಪ್ರಸಂಗದಲ್ಲಿ ಸ್ವಲ್ಪ ನಿಂತು ನೋಡತಕ್ಕದ್ದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಯ ಕಟ್ಟೊಂದನ್ನು ಆ ಗ್ರಂಥಾಲಯಕ್ಕೆ ತಂದು ಒಪ್ಪಿಸಿದರು. ಅಂಥ ಕಟ್ಟುಗಳು ಬರುವುದು ಅಲ್ಲಿ ಅಪೂರ್ವವಲ್ಲ. ದಾಖಲೆಯ ಪುಸ್ತಕದಲ್ಲಿ ಒಂದು ಸಾಲು ಬರೆದು, ಕೆಂಪು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದರೆ ಕರ್ತವ್ಯವು ಮುಗಿದಂತೆಯೇ ಸರಿ. ಆದರೆ ಅಲ್ಲಿ ಗ್ರಂಥಪಾಲಕರಾಗಿದ್ದವರು ಆರ್. ಶಾಮಶಾಸ್ತ್ರಿಗಳು. ಗ್ರಂಥ ಲಿಪಿಯನ್ನು ಓದಬಲ್ಲವರೂ, ಓದಿದುದು ಏನೆಂಬುದನ್ನು ಅರಿಯಬಲ್ಲವರೂ ಆದ ಅವರು, ಹೆಸರು ಮಾತ್ರ ಉಳಿದು ದೇಹವು ಕಳೆದುಹೋಗಿತ್ತೆಂದು ಲೋಕವೆಲ್ಲ ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರವು ಅದೇ ಎಂದು ಗುರುತಿಸಿ, 1905ರಿಂದ ಅದರ ಭಾಗಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸತೊಡಗಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಸಂಪೂರ್ಣ ಅನುವಾದವನ್ನೂ ಹೊರತಂದರು. ಭಾರತದ ರಾಜ್ಯಶಾಸ್ತ್ರದ ಚರಿತ್ರೆಯನ್ನು ಪಂಡಿತರು ಹೊಸದಾಗಿ ಬರೆಯಬೇಕಾಯಿತು. ಸಂಶೋಧನೆಗೆ ಗ್ರಂಥಾಲಯವು ಸಹಾಯಕವೆಂದು ನಾವು ಸಮಾರಂಭಗಳಲ್ಲಿ ಹೇಳುತ್ತೇವೆ. ಈ ಪ್ರಸಂಗದಲ್ಲಿ ಸಂಶೋಧನೆಯನ್ನು ಮಾಡಿದವನೇ ಗ್ರಂಥಪಾಲಕನೆಂಬುದನ್ನು ಮರೆಯಕೂಡದು. ಓಲೆಯನ್ನು ಕೊಟ್ಟ ಪಂಡಿತರ ಔದಾರ್ಯ, ಅದನ್ನು ಕಾಪಾಡಿದ ಕಟ್ಟಡ, ಕಟ್ಟಿಸಿದ ಪ್ರಭುತ್ವ, ಇವೆಲ್ಲವೂ ಇದ್ದು ಓದಬಲ್ಲ ಕಣ್ಣೊಂದು ಇಲ್ಲದಿದ್ದರೆ ಆ ಕಟ್ಟು ಇನ್ನೆಷ್ಟು ವರ್ಷ ನಿದ್ರಿಸುತ್ತಿತ್ತೋ ಯಾರು ಬಲ್ಲರು.

ಅಂಥ ಕಣ್ಣುಗಳನ್ನು ಅದೃಷ್ಟಕ್ಕೆ ಬಿಡದೆ ಶಿಕ್ಷಣದಿಂದ ಸಿದ್ಧಪಡಿಸಬೇಕೆಂಬ ಛಲ ತೊಟ್ಟವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ನಿರೂಪಿಸಿದ ಆ ಮಹನೀಯರು ತಮ್ಮ ಕಡೆಯ ಹದಿನೈದು ವರ್ಷಗಳನ್ನು ಕಳೆದುದು ಬೆಂಗಳೂರಿನಲ್ಲಿ. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಅವರು ಅಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಇಂದಿಗೂ ನಡೆಯುತ್ತಿದೆ. ಅವರ ವರ್ಗೀಕರಣ ಪದ್ಧತಿಯ ಸೂಕ್ಷ್ಮಗಳು ವಿದ್ವಾಂಸರ ಚರ್ಚೆಗೆ ಸೇರಿದುವು. ನಮ್ಮ ಪ್ರಕೃತ ವಿಷಯಕ್ಕೆ ಬೇಕಾದುದು ಅವರು ಮಾಡಿದ, ಅಷ್ಟು ಪ್ರಸಿದ್ಧವಲ್ಲದ, ಮತ್ತೊಂದು ಕೆಲಸ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 1957ರಲ್ಲಿ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು, ವಿಶ್ವವಿದ್ಯಾನಿಲಯಗಳ ಮತ್ತು ಕಾಲೇಜುಗಳ ಗ್ರಂಥಪಾಲಕರಿಗೆ ಅಧ್ಯಾಪಕರ ಸಮಾನವಾದ ಸ್ಥಾನವೂ ವೇತನವೂ ಸಲ್ಲಬೇಕೆಂದು ಶಿಫಾರಸು ಮಾಡಿತು. ನಾಗಾವಿಯ ಶಾಸನವನ್ನು ರಂಗನಾಥನ್ ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಇಲ್ಲವೋ, ಒಂಬತ್ತು ಶತಮಾನಗಳ ಬಳಿಕ ಅದನ್ನೇ ಮತ್ತೊಮ್ಮೆ ಕಾಗದದ ಮೇಲೆ ಬರೆಸಿದಂತಾಯಿತು.

ವೇತನ ಸಮವಾಯಿತು, ಕೆಲಸದ ಕಲ್ಪನೆ ಮಾತ್ರ ಬಹುಕಾಲ ಬದಲಾಗಲಿಲ್ಲ. ಗ್ರಂಥಪಾಲಕನೆಂದರೆ ಬೀಗದ ಕೈಯ ಯಜಮಾನ, ಕಳೆದ ಪುಸ್ತಕಕ್ಕೆ ದಂಡ ತೆರುವವನು, ಆಡಿಟ್ಟಿನವರ ಮುಂದೆ ದಾಖಲೆ ಪುಸ್ತಕ ಹಿಡಿದು ನಿಲ್ಲುವವನು. ಒಂದು ಪುಸ್ತಕವೂ ಕಳೆಯದಂತೆ ಕಾಯುವ ಅತ್ಯಂತ ಸುಲಭವಾದ ಉಪಾಯವೆಂದರೆ ಯಾರಿಗೂ ಕೊಡದೆ ಇರುವುದು ಎಂಬ ಸತ್ಯವನ್ನು ಅನುಭವದಿಂದ ಕಂಡುಕೊಂಡ ಹಿರಿಯರನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಬಲ್ಲೆ; ಅವರನ್ನು ಈಗ ದೂರುವ ಮನಸ್ಸಾಗುವುದಿಲ್ಲ, ಏಕೆಂದರೆ ಕಳೆದುದಕ್ಕೆ ಲೆಕ್ಕ ಕೇಳುವವರು ಅವರ ಮೇಲೆ ಹಲವರಿದ್ದರು, ಓದಿಸಿದುದಕ್ಕೆ ಲೆಕ್ಕ ಕೇಳುವವರು ಒಬ್ಬರೂ ಇರಲಿಲ್ಲ.

ಹೀಗಿರುವಾಗ ಯಾವ ಗ್ರಂಥಾಲಯವೂ ತನ್ನ ಓದುಗರಿಗೆ ಬೇಕಾದುದೆಲ್ಲವನ್ನೂ ತಾನೇ ಕೊಂಡಿಡಲಾರದೆಂಬ ಅರಿವು ಎಲ್ಲೆಡೆ ಹುಟ್ಟಿತು. ವಿಜ್ಞಾನದ ನಿಯತಕಾಲಿಕಗಳ ಬೆಲೆಯು ವರ್ಷೇ ವರ್ಷೇ ಏರುತ್ತ ಹೋದುದು ಅದಕ್ಕೆ ಮುಖ್ಯ ಕಾರಣ. ದೆಹಲಿಯಲ್ಲಿ 1952ರಲ್ಲಿ ಆರಂಭವಾದ ಇನ್ಸ್‌ಡಾಕ್ ಸಂಸ್ಥೆಯು ದೇಶದಲ್ಲಿ ಯಾವ ಪತ್ರಿಕೆ ಯಾವ ಗ್ರಂಥಾಲಯದಲ್ಲಿದೆಯೆಂಬ ಸಂಯುಕ್ತ ಸೂಚಿಗಳನ್ನು ತಯಾರಿಸಿತು. ಲೇಖನದ ಪ್ರತಿಯನ್ನು ಅಂಚೆಯಲ್ಲಿ ತರಿಸಿಕೊಳ್ಳುವ ಏರ್ಪಾಡಾಯಿತು. ಮುಂದೆ ಗಣಕಯಂತ್ರಗಳು ಬಂದಾಗ ನಗರ ನಗರಕ್ಕೆ ಜಾಲಗಳನ್ನು ಹೆಣೆಯುವ ಉತ್ಸಾಹವುಂಟಾಗಿ, 1988ರಲ್ಲಿ ದೆಹಲಿಯ ಡೆಲ್‌ನೆಟ್ ಹುಟ್ಟಿದ ಮಾದರಿಯಲ್ಲಿ, ಮೈಸೂರಿನ ಗ್ರಂಥಾಲಯಗಳನ್ನು ಕೂಡಿಸುವ ಮೈಲಿಬ್‌ನೆಟ್ ಎಂಬ ಜಾಲವು 1995ರಲ್ಲಿ ಆಹಾರ ಸಂಶೋಧನಾಲಯದ ಆವರಣದಲ್ಲಿ ಪ್ರಾರಂಭವಾಯಿತು. ಚೆಲುವಾಂಬಾ ವಿಲಾಸದ ಆಹಾರ ವಿಜ್ಞಾನಿಗಳೂ ಮಾನಸಗಂಗೋತ್ರಿಯ ಪಂಡಿತರೂ ಒಂದೇ ಸೂಚಿಯಲ್ಲಿ ಕೈ ಹಾಕಬಹುದೆಂಬ ಆ ಕಲ್ಪನೆ ಎಷ್ಟು ಸುಂದರವಾದುದು! ಊರಿನ ಗ್ರಂಥಾಲಯಗಳು ಊರಿನೊಳಗೆ ಒಂದಾಗಬೇಕೆಂಬ ಆ ಚಿಂತನೆಯು ಆಮೇಲೆ ಬಂದ ದೊಡ್ಡ ಯೋಜನೆಗಳ ಅಬ್ಬರದಲ್ಲಿ ಹಿಂದೆ ಬಿದ್ದುಹೋದುದು ನನಗೆ ಇಂದಿಗೂ ವ್ಯಸನದ ವಿಷಯ.

ದೊಡ್ಡ ಯೋಜನೆಗಳು ನಿಜವಾಗಿಯೂ ದೊಡ್ಡವು. ಅನುದಾನ ಆಯೋಗದ ಇನ್‌ಫ್ಲಿಬ್‌ನೆಟ್ 1991ರಲ್ಲಿ ಆರಂಭವಾಗಿ ವಿಶ್ವವಿದ್ಯಾನಿಲಯಗಳನ್ನು ಜೋಡಿಸಿತು. ನಮ್ಮ ರಾಜ್ಯದಲ್ಲಿಯೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು 2003ರಲ್ಲಿ ಹೆಲಿನೆಟ್ ಎಂಬ ಒಕ್ಕೂಟವನ್ನು ಕಟ್ಟಿ, ಒಂದೊಂದು ವೈದ್ಯಕೀಯ ಕಾಲೇಜು ಬೇರೆಬೇರೆಯಾಗಿ ಚೌಕಾಸಿ ಮಾಡುವುದಕ್ಕೆ ಬದಲು ಎಲ್ಲರ ಪರವಾಗಿ ತಾನೇ ಪ್ರಕಾಶಕರೊಡನೆ ಬೆಲೆ ಕುದುರಿಸಿತು. ಎಂಜಿನಿಯರಿಂಗ್ ಕಾಲೇಜುಗಳಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಒಕ್ಕೂಟ. ಕೃಷಿ ವಿಶ್ವವಿದ್ಯಾನಿಲಯಗಳಿಗೆ 2008ರಲ್ಲಿ ಸೆರಾ ಎಂಬ ಒಕ್ಕೂಟ. ಸಾಧಾರಣ ಪದವಿ ಕಾಲೇಜುಗಳಿಗೆ 2010ರಿಂದ ಎನ್-ಲಿಸ್ಟ್. ಈ ಕಡೆಯದರಲ್ಲಿ ಅನುದಾನಿತ ಕಾಲೇಜೊಂದು ವರ್ಷಕ್ಕೆ ಸುಮಾರು 6,000 ರೂಪಾಯಿ ಕೊಟ್ಟರೆ ಅಷ್ಟೇ ಸಂಖ್ಯೆಯ ಪತ್ರಿಕೆಗಳೂ ಲಕ್ಷಗಟ್ಟಲೆ ಪುಸ್ತಕಗಳೂ ಅದರ ಓದುಗರಿಗೆ ತೆರೆಯುತ್ತವೆ. ಎಲ್ಲಕ್ಕೂ ಕಳಸವಿಟ್ಟಂತೆ ಕೇಂದ್ರ ಸರ್ಕಾರವು 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟು, 30 ಅಂತಾರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು 6,300ಕ್ಕೂ ಹೆಚ್ಚಿನ ಸರ್ಕಾರೀ ವಿದ್ಯಾಸಂಸ್ಥೆಗಳಿಗೂ ಸಂಶೋಧನಾಲಯಗಳಿಗೂ ಒದಗಿಸಲು ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ತೆಗೆದಿರಿಸಿತು.

ಈ ಅಂಕಿಗಳನ್ನು ಓದುವಾಗ ಮಂಡ್ಯದ ಸೀಮೆಯವನಿಗೆ ಕೃಷ್ಣರಾಜಸಾಗರವೇ ಕಣ್ಣಿಗೆ ಕಟ್ಟುವುದು. ಅಣೆಕಟ್ಟು ತುಂಬಿದೆಯೆಂದು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಮೊದಲು ಇರ್ವಿನ್ ನಾಲೆಯೆಂದು ಹೆಸರಿದ್ದು ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ವಿ.ಸಿ. ನಾಲೆಗೆ ನೀರು ಬಿಟ್ಟಿದ್ದಾರೆಂದೂ ತಿಳಿಯುತ್ತದೆ. ಮದ್ದೂರು ಮಳವಳ್ಳಿಗಳ ಕೊನೆಯ ಭಾಗದ ರೈತನು ಮಾತ್ರ ಆ ಸುದ್ದಿಯನ್ನು ಓದಿ ಹರ್ಷಿಸುವುದಿಲ್ಲ. ಕಟ್ಟು ಪದ್ಧತಿಯಲ್ಲಿ ತನ್ನ ಸರದಿ ಯಾವಾಗ, ಸರದಿಯ ದಿವಸ ಮೇಲಿನವರು ತೂಬು ಮುಚ್ಚುತ್ತಾರೆಯೇ, ಕಾಲುವೆಯ ಹೂಳು ತೆಗೆದಿದೆಯೇ, ನೀರುಗಂಟಿಯು ರಾತ್ರಿ ಬಂದು ನೋಡುತ್ತಾನೆಯೇ ಎಂಬುವೇ ಅವನ ಪ್ರಶ್ನೆಗಳು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದಿಸಿದ ವಿದ್ಯುತ್ತು ತಂತಿಯೇರಿ ನೂರೈವತ್ತು ಕಿಲೋಮೀಟರಿನಷ್ಟು ದೂರ ಹೋಗಿ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತಷ್ಟೆ. ಆ ತಂತಿಗಳ ಕೆಳಗಿನ ಹಳ್ಳಿಗಳು ಬಹುಕಾಲ ಹರಳೆಣ್ಣೆಯ ದೀಪದಲ್ಲಿಯೇ ಇದ್ದುವು. ಸಂಪತ್ತು ಇರುವುದು ಬೇರೆ, ಹಾಯುವುದು ಬೇರೆ, ನಿಲ್ಲುವುದು ಬೇರೆ ಎಂಬುದನ್ನು ಈ ನೆಲಕ್ಕೆ ಯಾರೂ ಬಂದು ಕಲಿಸಬೇಕಾಗಿಲ್ಲ.

ಮಂಡ್ಯ ನಗರವನ್ನೇ ನೋಡೋಣ. ಕೆ. ವಿ. ಶಂಕರಗೌಡರ ಶ್ರಮದಿಂದ 1962ರಲ್ಲಿ ಹುಟ್ಟಿದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ತಾಂತ್ರಿಕ ವಿಶ್ವವಿದ್ಯಾನಿಲಯದ ನೆರಳಿನದು. 2006ರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರೋಗ್ಯ ವಿಶ್ವವಿದ್ಯಾನಿಲಯದ ಬಳಗದ್ದು. ವಿ.ಸಿ. ಫಾರಂ ಎಂದು ಜನ ಕರೆಯುವ ಕೃಷಿ ಸಂಶೋಧನಾ ಕೇಂದ್ರವೂ ಅಲ್ಲಿನ ಕೃಷಿ ಕಾಲೇಜೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆಡಳಿತದಲ್ಲಿ ಬೆಳೆದು ಬಂದುವು. ಹಳೆಯ ಸರ್ಕಾರೀ ಕಾಲೇಜು 2019ರಲ್ಲಿ ತಾನೇ ವಿಶ್ವವಿದ್ಯಾನಿಲಯವಾಯಿತು. ಇತ್ತ, ಕಿರುಗಾವಲು ಎಂಬ ಹೆಸರಿನ ವಿಧಾನಸಭಾ ಕ್ಷೇತ್ರವಿದ್ದ ಕಾಲದಲ್ಲಿ ಅದನ್ನು ಬಹುಕಾಲ ಪ್ರತಿನಿಧಿಸಿದ ಜಿ. ಮಾದೇಗೌಡರು ಭಾರತೀನಗರದಲ್ಲಿ ಕಟ್ಟಿದ ಭಾರತೀ ಕಾಲೇಜುಂಟು. ಮಳವಳ್ಳಿ, ಹಲಗೂರುಗಳಲ್ಲಿ ಸರ್ಕಾರದ ಪ್ರಥಮ ದರ್ಜೆ ಕಾಲೇಜುಗಳುಂಟು. ಒಂದೇ ಜಿಲ್ಲೆಯೊಳಗೆ ನಾಲ್ಕೈದು ನಾಲೆಗಳು ಪಕ್ಕಪಕ್ಕದಲ್ಲಿಯೇ ಹರಿಯುತ್ತಿವೆ, ಒಂದಕ್ಕೊಂದು ತೂಬಿಲ್ಲ! ಪ್ರಕಾಶಕರೊಡನೆ ಆದ ಕರಾರಿನ ಪ್ರಕಾರ ಆಯಾ ಸಂಸ್ಥೆಯ ಸದಸ್ಯರಿಗೆ ಮಾತ್ರ ಆಯಾ ಬಾಗಿಲು. ಭತ್ತದ ರೋಗವನ್ನು ಕುರಿತು ವಿ.ಸಿ. ಫಾರಂನವರು ಓದಬಲ್ಲ ಲೇಖನವನ್ನು, ಕಿರುಗಾವಲಿನ ದೇಶೀ ಭತ್ತದ ಮೇಲೆಯೇ ಪ್ರಬಂಧ ಬರೆಯುತ್ತಿರುವ ಪದವಿ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕನು ಓದಬೇಕಾದರೆ ಪರಿಚಯದವರೊಬ್ಬರ ದಾಕ್ಷಿಣ್ಯವನ್ನು ಹಿಡಿಯಬೇಕು. ಸರ್ಕಾರೀ ಸಂಸ್ಥೆಗಳ ಮಟ್ಟಿಗೆ ಹೊಸ ರಾಷ್ಟ್ರೀಯ ಚಂದಾ ಈ ಗೋಡೆಗಳನ್ನು ಒಡೆಯಬಹುದು. ಖಾಸಗೀ ಕಾಲೇಜಿನ ಹುಡುಗನು ಹೊರಗೇ ಉಳಿಯುತ್ತಾನೆ. ಅಚ್ಚಾದ ಪುಸ್ತಕಗಳ ವಿಷಯದಲ್ಲಂತೂ ಯಾವ ಕರಾರಿನ ಅಡ್ಡಿಯೂ ಇಲ್ಲ, ಆದುದರಿಂದ ಮಂಡ್ಯದ ಈ ಕಪಾಟುಗಳಲ್ಲಿ ಏನೇನಿದೆಯೆಂಬುದನ್ನು ಒಟ್ಟಾಗಿ ತೋರಿಸುವ ಸೂಚಿಯೊಂದನ್ನು ಮಾಡಿಕೊಂಡರೆ ಆಗಬಹುದಾದ ಉಪಕಾರವು ಅಲ್ಪವಲ್ಲ. ಅದಕ್ಕೆ ಕೋಟಿಗಳು ಬೇಡ. ನ್ಯೂಜಿಲೆಂಡಿನ ಒಂದು ಗ್ರಾಮಾಂತರ ಗ್ರಂಥಾಲಯವು ತನಗಾಗಿ ಬರೆಯಿಸಿ 2000ದಲ್ಲಿ ಲೋಕಕ್ಕೆಲ್ಲ ಉಚಿತವಾಗಿ ಕೊಟ್ಟ ‘ಕೋಹಾ’ ಎಂಬ ತಂತ್ರಾಂಶವಿದೆ. ಆ ಮಾತಿಗೆ ಅಲ್ಲಿನ ಮಾವೋರಿ ಜನರ ಭಾಷೆಯಲ್ಲಿ ಕಾಣಿಕೆಯೆಂದು ಅರ್ಥವಂತೆ.

ಕನ್ನಡದ ಪುಸ್ತಕಗಳ ಸೂಚೀಕರಣವು ತಾನೇ ಒಂದು ಪುರಾಣ. ಮೇಲುಕೋಟೆಯ ಕವಿಯನ್ನು ಒಂದು ಗ್ರಂಥಾಲಯದವರು ಪು.ತಿ.ನ. ಎಂದೂ, ಮತ್ತೊಂದರವರು ನರಸಿಂಹಾಚಾರ್ ಎಂದೂ, ಮೂರನೆಯವರು ಪುರೋಹಿತ ಎಂಬ ಮನೆತನದ ಹೆಸರಿನ ಕೆಳಗೂ ಬರೆದರೆ, ಗಣಕಯಂತ್ರದ ಪಾಲಿಗೆ ಅವರು ಮೂವರು ಕವಿಗಳು. ಮದ್ದೂರು ಸೀಮೆಯ ಕಥೆಗಾರರಾದ ಬೆಸಗರಹಳ್ಳಿ ರಾಮಣ್ಣನವರನ್ನು ಬೆಸಗರಹಳ್ಳಿಯಲ್ಲಿ ಹುಡುಕಬೇಕೋ ರಾಮಣ್ಣನಲ್ಲಿ ಹುಡುಕಬೇಕೋ? ರೋಮನ್ ಅಕ್ಷರಗಳಲ್ಲಿ ಬರೆದಾಗ ‘ಳ’ಕಾರ ‘ಲ’ಕಾರಗಳಿಗೂ ಹ್ರಸ್ವ ದೀರ್ಘಗಳಿಗೂ ಭೇದವಳಿದು, ಒಂದೇ ಪುಸ್ತಕವು ನಾಲ್ಕು ವೇಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಶಾಸ್ತ್ರೀಯ ಪರಿಹಾರಗಳಿಲ್ಲದೆ ಇಲ್ಲ. ಒಬ್ಬ ಗ್ರಂಥಕರ್ತನ ನಾನಾ ನಾಮರೂಪಗಳನ್ನು ಒಂದೆಡೆ ಕಟ್ಟಿಹಾಕುವ ಪ್ರಮಾಣ ಸೂಚಿಗಳನ್ನು ಬೇರೆ ಭಾಷೆಗಳವರು ಮಾಡಿಕೊಂಡಿದ್ದಾರೆ. ಆ ಕೆಲಸಕ್ಕೆ ಬೇಕಾದುದು ಕನ್ನಡ ಸಾಹಿತ್ಯವನ್ನು ಓದಿಕೊಂಡ ಗ್ರಂಥಪಾಲಕರು, ಮತ್ತು ಬೇಸರಪಡದ ತಾಳ್ಮೆ.

ಈ ನಿರ್ಲಕ್ಷ್ಯದ ನಡುವೆ ನಮ್ಮ ಪುಸ್ತಕಗಳನ್ನು ಹೊರಗಿನವರು ಕಾಪಾಡಿದ ವಿನೋದವೂ ಉಂಟು. ಅಮೆರಿಕವು ಭಾರತಕ್ಕೆ ಗೋಧಿಯನ್ನು ಕೊಟ್ಟು, ಅದರ ಬೆಲೆಯನ್ನು ರೂಪಾಯಿಗಳಲ್ಲಿ ಪಡೆದು, ಆ ರೂಪಾಯಿಗಳಿಂದ 1962ರಿಂದ ಮೊದಲ್ಗೊಂಡು ಇಲ್ಲಿನ ಭಾಷೆಗಳ ಪುಸ್ತಕಗಳನ್ನು ಕೊಂಡು ತನ್ನ ವಿಶ್ವವಿದ್ಯಾನಿಲಯಗಳಿಗೆ ಹಂಚಿತು. ಪಿ.ಎಲ್. 480 ಎಂದು ಹೆಸರಾದ ಆ ಕಾನೂನಿನ ಗೋಧಿಯನ್ನು ರಾಗಿಯ ಮುದ್ದೆಗೂ ಅನ್ನಕ್ಕೂ ಹೊಂದಿದ ಮಂಡ್ಯದ ಹೊಟ್ಟೆಗಳು ಎಷ್ಟು ಪ್ರೀತಿಯಿಂದ ಬರಮಾಡಿಕೊಂಡುವೋ ಕಾಣೆ. ಅದರ ಫಲವಾಗಿ ಕನ್ನಡದ ಕಾದಂಬರಿಗಳೂ ಕವನಸಂಕಲನಗಳೂ ಷಿಕಾಗೋ ಮೊದಲಾದ ಕಡೆಗಳಲ್ಲಿ ಕ್ರಮವಾಗಿ ಸೂಚಿಗೇರಿ, ತಣ್ಣನೆಯ ಕೊಠಡಿಗಳಲ್ಲಿ ಗೆದ್ದಲಿನ ಭಯವಿಲ್ಲದೆ ನಿಂತಿವೆ.

ನಮ್ಮ ಕಲ್ಪನೆಯ ವಿದ್ಯಾರ್ಥಿನಿಯ ಬಳಿಗೆ ಹಿಂತಿರುಗಿದರೆ, ರಾಷ್ಟ್ರದ 13,000 ಪತ್ರಿಕೆಗಳು ಅವಳಿಗೆ ಎಷ್ಟರ ಮಟ್ಟಿಗೆ ಒದಗುತ್ತವೆಂಬುದು ಕೇಳತಕ್ಕ ಪ್ರಶ್ನೆ. ಟಿಪ್ಪುವಿನ ಯುದ್ಧಗಳ ಮೇಲೆ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಬಂದ ಲೇಖನಗಳು ದೊರೆಯುವುವು. ಅದು ಸಣ್ಣ ಲಾಭವಲ್ಲ, ಹಿಂದಿನ ತಲೆಮಾರಿನವರು ಅದಕ್ಕಾಗಿ ಮೈಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತಿ ಅಲ್ಲಿಯೂ ಇಲ್ಲವೆನ್ನಿಸಿಕೊಂಡು ಬರುತ್ತಿದ್ದರು. ಆದರೆ ಅವಳ ತಾಲ್ಲೂಕಿನ ಶಾಸನಗಳಿರುವುದು ಬಿ. ಎಲ್. ರೈಸ್ 1894ರಲ್ಲಿ ಹೊರಡಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ, ಮತ್ತು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕರಿಸಿ ಹೊರತಂದ ಸಂಪುಟಗಳಲ್ಲಿ. ಅವಳಿಗೆ ಬೇಕಾದ ಕನ್ನಡ ಲೇಖನಗಳಿರುವುದು ಪ್ರಬುದ್ಧ ಕರ್ಣಾಟಕದ, ಪರಿಷತ್ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ. ಅಂತಾರಾಷ್ಟ್ರೀಯ ಪ್ರಕಾಶಕರ ಚಂದಾದೊಳಗೆ ಇವನ್ನು ನಿರೀಕ್ಷಿಸುವಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯು 2002ರಲ್ಲಿಯೇ ತನ್ನ ವಿದ್ವಾಂಸರ ಲೇಖನಗಳನ್ನು ಎಲ್ಲರಿಗೂ ತೆರೆದಿಡುವ ಭಂಡಾರವನ್ನು ಸ್ಥಾಪಿಸಿ ದೇಶಕ್ಕೆ ಮೇಲ್ಪಂಕ್ತಿ ಹಾಕಿತು; 2010ರಿಂದ ಶೋಧಗಂಗಾ ಎಂಬ ಭಂಡಾರದಲ್ಲಿ ಕನ್ನಡದವೂ ಸೇರಿದಂತೆ ಲಕ್ಷಾಂತರ ಮಹಾಪ್ರಬಂಧಗಳು ಸೇರಿವೆ; ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯೂ, ಹಳೆಯ ಕನ್ನಡ ಪುಸ್ತಕಗಳನ್ನು ಸ್ವಂತ ಉತ್ಸಾಹದಿಂದ ಛಾಯಾಂಕಿಸಿ ಅಂತರ್ಜಾಲಕ್ಕೆ ಏರಿಸುತ್ತಿರುವ ಯುವಕರ ಗುಂಪುಗಳೂ ತಮ್ಮ ಪಾಲಿನ ಕೆಲಸವನ್ನು ಮಾಡುತ್ತಿದ್ದಾರೆ. ಇವೆಲ್ಲವೂ ಇವೆಯೆಂಬುದನ್ನು ಅವಳಿಗೆ ಯಾರು ಹೇಳಬೇಕು?

ಹೇಳತಕ್ಕವನ ಹುದ್ದೆಯು ಎಷ್ಟೋ ಕಡೆ ಖಾಲಿಯಾಗಿದೆ. ಹಿಂದಿನವರು ನಿವೃತ್ತರಾದ ಮೇಲೆ ಇತಿಹಾಸದ ಅಧ್ಯಾಪಕರಿಗೋ ದೈಹಿಕ ಶಿಕ್ಷಣದ ನಿರ್ದೇಶಕರಿಗೋ ‘ಇನ್‌ಚಾರ್ಜ್’ ಎಂದು ಬೀಗದ ಕೈಯನ್ನು ಒಪ್ಪಿಸುವುದು ರೂಢಿ. ಹುದ್ದೆಯಲ್ಲಿರುವವರಿಗೆ ಶಿಕ್ಷಣವಿಲ್ಲದೆ ಇಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಹುಟ್ಟಿದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು, ಹೆಸರನ್ನು ಒಂದೆರಡು ಸಲ ಬದಲಿಸಿಕೊಂಡು ಈಗ ಮಾಳವೀಯರ ಹೆಸರಿನಲ್ಲಿ, ಗ್ರಂಥಪಾಲಕರಿಗೂ ಪುನಶ್ಚೇತನ ಶಿಬಿರಗಳನ್ನು ನಡೆಸುತ್ತವೆ. ಆದರೆ ಬಡ್ತಿಗೆ ಅಂಕ ಎಣಿಸುವ ಪದ್ಧತಿ ಬಂದ ಮೇಲೆ ಶಿಬಿರದಿಂದ ತರುವ ಪ್ರಮಾಣಪತ್ರದ ತೂಕವು ಶಿಬಿರದಲ್ಲಿ ಕಲಿತುದರ ತೂಕವನ್ನು ಮೀರಿತು. ಮೂರು ದಿನಗಳ ಒಂದು ವಿಚಾರಸಂಕಿರಣದಲ್ಲಿ ಹದಿನೇಳು ಉಪನ್ಯಾಸಗಳನ್ನು ಕೇಳಿ ಬಂದ ಮಿತ್ರರೊಬ್ಬರನ್ನು ಏನು ತಂದಿರೆಂದು ಕೇಳಿದಾಗ, ಅವರು ನಗುತ್ತ ಕೈಚೀಲವನ್ನು ತೋರಿಸಿದರು. ಅದರ ಮೇಲೆ ಸಂಕಿರಣದ ಹೆಸರು ಅಚ್ಚಾಗಿದ್ದಿತು. ನನ್ನನ್ನು ಕೇಳಿದರೆ, ಪದವಿ ಕಾಲೇಜಿನ ಗ್ರಂಥಪಾಲಕನನ್ನು ವರ್ಷಕ್ಕೆ ಹದಿನೈದು ದಿನ ಒಂದು ದೊಡ್ಡ ಸಂಶೋಧನಾ ಗ್ರಂಥಾಲಯಕ್ಕೆ ಕಳಿಸಿ, ಅಲ್ಲಿನ ಪರಾಮರ್ಶನ ವಿಭಾಗದ ಮೇಜಿನ ಹಿಂದೆ ಕೂಡಿಸಬೇಕು. ಬಂದವರು ಏನು ಕೇಳುತ್ತಾರೆ, ಬಲ್ಲವರು ಹೇಗೆ ಹುಡುಕುತ್ತಾರೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಉಪನ್ಯಾಸಗಳ ಅಗತ್ಯವು ಅಷ್ಟಾಗಿ ಉಳಿಯದು.

ಸಂಶೋಧನೆಯ ವಿಷಯದಲ್ಲಿ ಗ್ರಂಥಪಾಲಕನಿಗೆ ಈಚೆಗೆ ದೊರೆತಿರುವ ಅಧಿಕಾರವೊಂದುಂಟು. 2018ರ ನಿಯಮಗಳ ಪ್ರಕಾರ ಮಹಾಪ್ರಬಂಧಗಳನ್ನು ಯಂತ್ರದಿಂದ ತೂಗಿ, ಅನ್ಯರ ಬರಹದೊಡನೆ ಹೋಲಿಕೆಯು ನೂರಕ್ಕೆ ಹತ್ತನ್ನು ಮೀರಿದೆಯೇ ಎಂದು ನೋಡಬೇಕು. ಆ ತೂಕದ ಚೀಟಿಯನ್ನು ಕೊಡುವುದು ಸಾಮಾನ್ಯವಾಗಿ ಗ್ರಂಥಾಲಯ. ಪೊಲೀಸಿನವನ ಈ ಕೆಲಸ ಬೇಕಾದದ್ದೇ ಇರಬಹುದು. ಆದರೆ ಪ್ರಬಂಧ ಮುಗಿದ ಮೇಲೆ ಗ್ರಂಥಪಾಲಕನನ್ನು ಮೊದಲ ಸಲ ಕಾಣುವ ಸಂಶೋಧಕನು, ಪ್ರಬಂಧಕ್ಕೆ ಕೈ ಹಾಕುವ ಮೊದಲೇ ಕಂಡು ಒಂದು ಗಂಟೆ ಕುಳಿತಿದ್ದರೆ ಆ ತೂಕವು ಬೇರೆಯೇ ಆಗುತ್ತಿತ್ತು.

ಎನ್-ಲಿಸ್ಟಿನಲ್ಲಿ ಒಂದು ಸಣ್ಣ ಏರ್ಪಾಡಿದೆ. ಕಾಲೇಜು ಹಣ ಕಟ್ಟಿದೊಡನೆ ವಿದ್ಯಾರ್ಥಿಗಳಿಗೆ ತಾನಾಗಿ ಬಾಗಿಲು ತೆರೆಯುವುದಿಲ್ಲ. ಕಾಲೇಜಿನ ಪರವಾಗಿ ನಿಯುಕ್ತನಾದವನು, ಸಾಮಾನ್ಯವಾಗಿ ಗ್ರಂಥಪಾಲಕನೇ, ಒಬ್ಬೊಬ್ಬ ವಿದ್ಯಾರ್ಥಿಯ ಹೆಸರನ್ನೂ ಪಟ್ಟಿಗೆ ಸೇರಿಸಬೇಕು, ಆಗ ಅವನಿಗೊಂದು ಗುಪ್ತಪದ ಬರುತ್ತದೆ. ಪ್ರತಿ ವರ್ಷವೂ ಹೊಸಬರು ಬರುತ್ತಾರೆ, ಹಳಬರು ಹೋಗುತ್ತಾರೆ, ಆದುದರಿಂದ ಪ್ರತಿ ವರ್ಷವೂ ಈ ಕೆಲಸವು ಆಗಬೇಕು. ಸಂಜೆ ಐದರ ಬಸ್ಸಿನಲ್ಲಿ ಮಳವಳ್ಳಿಯಿಂದ ಕಿರುಗಾವಲಿಗೆ ಮರಳುವ ಹುಡುಗಿಯ ಕೈಯಲ್ಲಿ ಮೊಬೈಲಂತೂ ಇದ್ದೇ ಇದೆ. ಜೂನ್ ತಿಂಗಳ ಪ್ರವೇಶದ ಗದ್ದಲವು ಮುಗಿದ ಮೇಲೆ, ಕಾಲೇಜಿನ ಗ್ರಂಥಾಲಯದಲ್ಲಿ ಯಾರಾದರೊಬ್ಬರು ಕುಳಿತು, ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು, ಅವಳ ಹೆಸರನ್ನು ಅಕ್ಷರ ತಪ್ಪಿಲ್ಲದೆ ಆ ಪಟ್ಟಿಗೆ ಏರಿಸಿದ್ದಾರೆಯೇ ಎಂಬುದನ್ನು ಮಾತ್ರ ದೆಹಲಿಯಿಂದ ನೋಡಲಾಗುವುದಿಲ್ಲ.